ಬಿಯರ್ ನೊರೆಗೆ ಯಾವ ಗ್ಲಾಸು: ಕೊರೆದು ಬಂದದ್ದೋ, ಮನೆಯಲ್ಲಿ ಗೀರಿದ್ದೋ?

ಬಿಯರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಏಳಲು ಒರಟು ಜಾಗ ಬೇಕು. ತೀರಾ ನುಣುಪಾದ ಗ್ಲಾಸಿನಲ್ಲಿ ಅದು ಸಿಗುವುದಿಲ್ಲ, ನೊರೆ ಬೇಗ ಇಳಿಯುತ್ತದೆ.

ತಳದಲ್ಲಿ ಲೇಸರ್‌ನಿಂದ ಕೊರೆದ ಗ್ಲಾಸಿಗೆ ದುಡ್ಡು ಸ್ವಲ್ಪ ಜಾಸ್ತಿ. ಆದರೆ ನೋಡಿ, ನಟ್ಟನಡುವಿನಿಂದ ಸಣ್ಣ ಗುಳ್ಳೆಗಳ ಎಳೆ ಬಿಡದೆ ಮೇಲೇಳುತ್ತದೆ, ಕರಗುವ ನೊರೆಯನ್ನು ಮತ್ತೆ ಮತ್ತೆ ತುಂಬುತ್ತದೆ. ನಿಧಾನವಾಗಿ ಕುಡಿಯುವವರಿಗೆ ಮಾತ್ರ ಬಿಯರ್ ಬೇಗ ಸಪ್ಪೆಯಾಗುತ್ತದೆ.

ಇರುವ ಗ್ಲಾಸಿನ ತಳವನ್ನೇ ವಜ್ರದ ಮೊನೆಯಿಂದ ಗೀರುವುದು ಅಗ್ಗ, ಗುಳ್ಳೆಯೂ ಏಳುತ್ತದೆ. ಗೀರಿದಲ್ಲಿ ಗಾಜು ದುರ್ಬಲವಾಗುತ್ತದೆ, ಪುಡಿ ಒಳಗೇ ಉಳಿದರೆ ಅಪಾಯ. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗ್ಲಾಸಂತೂ ಒಡೆದು ಚೂರುಚೂರಾಗಬಹುದು, ಮುಟ್ಟಲೇಬೇಡಿ.

ನಾನಾದರೆ ಕೊರೆದದ್ದನ್ನೇ ಕೊಳ್ಳುತ್ತೇನೆ. ಯಾವುದಾದರೂ ಸರಿ, ಸೋಪು ಉಳಿಯದಂತೆ ತೊಳೆಯಿರಿ. ಬೋಂಡಾ ತಿಂದ ತುಟಿಯ ಜಿಡ್ಡು ತಾಗಿದರೂ ನೊರೆ ಕುಸಿಯುತ್ತದೆ.