ಬೆಡ್ ಕಾಂಕ್ರೀಟ್ ಹಾಕಿಸುವ ಮುಂಚೆ ಬಿಸಿನೀರಿನ ಪೈಪ್ ನೋಡಿಕೊಳ್ಳಿ: ನಮ್ಮನೆಯಲ್ಲಿ ಆಗಿದ್ದು ಇದು

ತುಮಕೂರಿನ ಕ್ಯಾತ್ಸಂದ್ರದ ಕಡೆ ನಾವು ಮನೆ ಕಟ್ಟಿಸಿ ಎರಡು ವರ್ಷವಾಯಿತು. ನೀವೂ ಮನೆ ಕಟ್ಟಿಸುತ್ತಿದ್ದು, ಸೋಲಾರ್‌ನ ಬಿಸಿನೀರಿನ ಪೈಪನ್ನು ನೆಲದೊಳಗೆ ಹಾಯಿಸುವ ಯೋಚನೆ ಇದ್ದರೆ, ಟೈಲ್ಸ್ ಕೆಳಗೆ ನೆಲಕ್ಕೆ ಹಾಕುವ ಬೆಡ್ ಕಾಂಕ್ರೀಟ್ ಬೀಳುವ ಮೊದಲು ಇದನ್ನೊಮ್ಮೆ ಓದಿ.

ಮೊದಲು ಗೊತ್ತಾಗಿದ್ದು ಅಮ್ಮನಿಗೆ. ಡಿಸೆಂಬರ್ ತಿಂಗಳು, ಬೆಳಗಿನ ಜಾವ. ಬರಿಗಾಲಲ್ಲಿ ಹಾಲ್ ದಾಟಿ ಅಡುಗೆಮನೆಗೆ ಹೋಗುತ್ತಿದ್ದವರು ನಡುವೆ ನಿಂತು, "ಇಲ್ಲಿ ನೆಲ ಬೆಚ್ಚಗಿದೆಯಲ್ಲೋ, ಬಂದು ಕಾಲಿಟ್ಟು ನೋಡು" ಅಂದರು. ಎರಡು ಟೈಲ್ಸ್‌ನಷ್ಟು ಜಾಗ ಬೆಚ್ಚಗಿತ್ತು, ಸುತ್ತ ಎಲ್ಲ ಕೊರೆಯುತ್ತಿತ್ತು. ಕೆಳಗೆ ಬಿಸಿನೀರಿನ ಪೈಪ್ ಇದೆಯಲ್ಲ, ಅದಕ್ಕೇ ಇರಬೇಕು ಅಂತ ಸುಮ್ಮನಾದೆ. ಆಮೇಲೆ ಟೈಲ್ಸ್ ಸಂದಿಯಲ್ಲಿ ಬಿಳಿ ಪುಡಿ ಕಾಣಿಸಿತು. ಒರೆಸಿದರೆ ಎರಡು ದಿನಕ್ಕೆ ಮತ್ತೆ ಬರುತ್ತಿತ್ತು. ನಮ್ಮದು ಬೋರ್‌ವೆಲ್ ನೀರು, ಉಪ್ಪು ಜಾಸ್ತಿ. ಬೆಳಿಗ್ಗೆ ಇಬ್ಬರ ಸ್ನಾನ ಆಗುವಷ್ಟರಲ್ಲಿ ಬಿಸಿನೀರು ಖಾಲಿ. ಆಗ ಅನುಮಾನ ಗಟ್ಟಿಯಾಯಿತು.

ಒಡೆಸಿದೆವು. ಟೈಲ್ಸ್, ಅದರ ಕೆಳಗಿನ ಗಾರೆ, ಆಮೇಲೆ 4 ಇಂಚಿನ ಬೆಡ್. ಕೆಳಗಿನ ಮಣ್ಣು ಕೆಸರಾಗಿತ್ತು. ಎರಡು ಪೈಪ್ ಸೇರುವಲ್ಲಿ, ಅವನ್ನು ಜೋಡಿಸುವ ಕಪ್ಲರ್ ಪಕ್ಕದಲ್ಲೇ, ಕೂದಲೆಳೆಯಷ್ಟು ಬಿರುಕು. ಅದರ ಅಡಿಯಲ್ಲಿ ಮುಷ್ಟಿಗಾತ್ರದ ಒಂದು ಕಲ್ಲು ಪೈಪಿಗೆ ಒತ್ತಿಕೊಂಡು ಕೂತಿತ್ತು.

ಬೆಡ್ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ಪ್ಲಂಬರ್ ಬೆಳಿಗ್ಗೆ ಬಂದು ಪೈಪ್ ಮಲಗಿಸಿ, ಗಮ್ ಹಚ್ಚಿ ಹೋದರು. ಮಧ್ಯಾಹ್ನವೇ ಕಾಂಕ್ರೀಟ್. ಕೆಲಸದವರು ಬಾಂಡ್ಲಿ ಹೊತ್ತು ಪೈಪ್ ಮೇಲೆಯೇ ಓಡಾಡಿದರು. ಒಂದು ಕಡೆ ಪೈಪ್ ಬಿಲ್ಲಿನಂತೆ ಮೇಲೆದ್ದಿತು. ಒಬ್ಬರು ಸಲಿಕೆಯಿಂದ ಒತ್ತಿ ಕೂರಿಸಿದರು. ನಾನು ಅಲ್ಲೇ ನಿಂತಿದ್ದೆ. ನೋಡಿಯೂ ನಿಲ್ಲಿಸಲಿಲ್ಲ. ಈಗ ಕೇಳಿದರೆ ಪ್ಲಂಬರ್ "ಗಾರೆಯವರು ತುಳಿದರು ಸಾರ್" ಅನ್ನುತ್ತಾರೆ, ಮೇಸ್ತ್ರಿ "ಜಾಯಿಂಟೇ ಸರಿ ಇರಲಿಲ್ಲ" ಅನ್ನುತ್ತಾರೆ. ಖರ್ಚು ನಮ್ಮ ಮೇಲೇ ಬಿತ್ತು. ಅದೇ ಬಣ್ಣದ ಟೈಲ್ಸ್ ಸಿಗಲಿಲ್ಲ, ಹಾಲ್ ನಡುವೆ ತೇಪೆ ಹಾಗೇ ಉಳಿದಿದೆ.

ಬಿಸಿನೀರಿಗೆ ಹಾಕುವ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪ್ ಬಿಸಿಯಾದರೆ ಉದ್ದ ಆಗುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. 8 ಮೀಟರ್ ಪೈಪ್ 20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು 2 ಸೆಂಟಿಮೀಟರ್ ಬೆಳೆಯುತ್ತದೆ, ತಣ್ಣಗಾದರೆ ಮತ್ತೆ ಕುಗ್ಗುತ್ತದೆ. ದಿನಾ ಇದೇ ಕಥೆ. ಸುತ್ತ ಕಾಂಕ್ರೀಟ್ ಬಿಗಿಯಾಗಿ ಹಿಡಿದಿದ್ದರೆ ಆ ಎಳೆತವೆಲ್ಲ ಜಾಯಿಂಟ್ ಮೇಲೆ ಬೀಳುತ್ತದೆ. ಕೆಳಗೆ ಕಲ್ಲೂ ಇದ್ದರೆ ಕೇಳಬೇಕಾ? ಅದಕ್ಕೇ ಪೈಪಿನ ಸುತ್ತ ಫೋಮ್ ಹೊದಿಕೆ ಹಾಕಬೇಕು, ಇಲ್ಲವೇ ದಪ್ಪ ಪೈಪಿನೊಳಗೆ ತೂರಿಸಬೇಕು. ಕೆಳಗೆ ಕಲ್ಲಿಲ್ಲದ ಮರಳು ಹಾಸಬೇಕು. ನೆಲದೊಳಗೆ ಜಾಯಿಂಟ್ ಬರಲೇಬಾರದು. ನಮ್ಮಲ್ಲಿ 3 ಮೀಟರ್ ತುಂಡುಗಳನ್ನು ತಂದು ಜೋಡಿಸಿದ್ದರು. ಹಾಲ್ ಉದ್ದ ಜಾಸ್ತಿ ಇದ್ದರೆ ಪೈಪನ್ನು ಗೋಡೆ ಮೇಲೆ ಸುತ್ತಿಸಿ ತರುವುದೇ ಮೇಲು. ಪೈಪ್ ಜಾಸ್ತಿ ಬೇಕಾಗುತ್ತದೆ ನಿಜ, ಆದರೆ ಸೋರಿದರೆ ಕಣ್ಣಿಗೆ ಕಾಣುತ್ತದೆ. ನಾವು ಕೊನೆಗೆ ಮಾಡಿದ್ದೂ ಅದನ್ನೇ. ನೆಲದ ಪೈಪ್ ಕಟ್ ಮಾಡಿ ಬಿಟ್ಟೆವು.

ಪ್ರೆಷರ್ ಟೆಸ್ಟ್ ಮಾತ್ರ ಯಾರು ಏನೇ ಹೇಳಿದರೂ ಬಿಡಬೇಡಿ. "ನಮ್ಮ ಕೆಲಸದಲ್ಲಿ ಅದೆಲ್ಲ ಬೇಡ ಸಾರ್" ಅಂತಾರೆ. ಬೇಕು. ಗಮ್ ಒಣಗಲು ಒಂದು ದಿನ ಬಿಟ್ಟು, ನಲ್ಲಿ ಜಾಗಗಳಿಗೆಲ್ಲ ಪ್ಲಗ್ ಹಾಕಿಸಿ, ಗಾಳಿಯಲ್ಲಿ ಅಲ್ಲ, ನೀರು ತುಂಬಿಸಿಯೇ ಕೈಪಂಪಿನಿಂದ ಒತ್ತಡ ಏರಿಸಬೇಕು. ಕಾಂಕ್ರೀಟ್ ಹಾಕುವಾಗಲೂ ಆ ಒತ್ತಡ ಹಾಗೇ ಇರಲಿ. ಯಾರಾದರೂ ತುಳಿದು ಪೈಪ್ ಒಡೆದರೆ ಒತ್ತಡ ತೋರಿಸುವ ಮೀಟರಿನ ಮುಳ್ಳು ಆಗಲೇ ಇಳಿಯುತ್ತದೆ, ಕಾಂಕ್ರೀಟ್ ಹಸಿ ಇರುವಾಗಲೇ ತೆಗೆದು ಸರಿಮಾಡಬಹುದು.

ಈಗ ನಮ್ಮ ಮೇಲಿನ ಮನೆ ಕೆಲಸ ನಡೆಯುತ್ತಿದೆ. ಬಚ್ಚಲಿನ ಪೈಪಿಗೆ ನಿನ್ನೆ ಸಂಜೆ ಚದರ ಸೆಂಟಿಮೀಟರಿಗೆ 10 ಕೆಜಿ ಒತ್ತಡ ಕೊಟ್ಟು, ಗೋಡೆಯಿಂದ ಎಷ್ಟು ದೂರ ಅಂತ ಟೇಪ್ ಹಿಡಿದು ಫೋಟೋ ತೆಗೆದಿಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಅಮ್ಮನೇ ಮೆಟ್ಟಿಲು ಹತ್ತಿ ಹೋಗಿ ಮುಳ್ಳು ನೋಡಿಕೊಂಡು ಬಂದರು. ಅಲ್ಲಾಡಿಲ್ಲ. ಮಧ್ಯಾಹ್ನ ಕಾಂಕ್ರೀಟ್ ಹಾಕಲು ಹೇಳಿದ್ದೇನೆ.