ಮನೆ ಗ್ಯಾರೇಜಿಗೆ ಕಾರ್ ಲಿಫ್ಟ್: ಟೇಪು ಮೊದಲು, ಕ್ಯಾಟಲಾಗ್ ಆಮೇಲೆ

ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ಕಾರಿಗೆ ಸಿಗುವ ಜಾಗ ಹೆಚ್ಚುಕಮ್ಮಿ 10 ಅಡಿ ಅಗಲ, 18 ಅಡಿ ಉದ್ದ. ಎಲ್ಲರ ಕಣ್ಣು ಮೊದಲು ಹೋಗುವುದು ಎರಡು ಕಂಬಗಳ ನಡುವೆ ನಾಲ್ಕು ತೋಳುಗಳಿಂದ ಕಾರನ್ನು ಎತ್ತುವ ಟೂ ಪೋಸ್ಟ್ ಲಿಫ್ಟಿನ ಮೇಲೆ. ಅದರ ಹೊರ ಅಗಲವೇ ಸುಮಾರು 3.4 ಮೀಟರ್, ಅಂದರೆ 11 ಅಡಿ ದಾಟುತ್ತದೆ. ಯಾವ ಕಂಪನಿಯದು, ಎಷ್ಟು ಟನ್ನಿನದು ಎಂಬ ಚರ್ಚೆ ಶುರುವಾಗುವ ಮೊದಲೇ ಅರ್ಧ ಮನೆಗಳಲ್ಲಿ ಅದು ಪಟ್ಟಿಯಿಂದ ಬಿದ್ದುಹೋಗುತ್ತದೆ. ಇನ್ನುಳಿದ ಅರ್ಧದಲ್ಲಿ ಬಹುಪಾಲನ್ನು ಎತ್ತರ ಬೀಳಿಸುತ್ತದೆ.

ಎತ್ತರವನ್ನು ಸ್ಲ್ಯಾಬಿನವರೆಗೆ ಅಳೆಯಬೇಡಿ, ಬೀಮಿನ ಅಡಿಗೆ ಅಳೆಯಿರಿ. ಮಹಡಿಯಿಂದ ಮಹಡಿಗೆ 10 ಅಡಿ ಎಂದು ಕಟ್ಟಿದ ಸ್ಟಿಲ್ಟಿನಲ್ಲಿ (ಮನೆಯಡಿಯ ಪಾರ್ಕಿಂಗಿನಲ್ಲಿ) ಬೀಮಿನ ಕೆಳಗೆ ಉಳಿಯುವುದು 2.5–2.6 ಮೀಟರ್ ಅಷ್ಟೇ. ಸ್ವಿಫ್ಟಿನ ಎತ್ತರ ಸುಮಾರು 1.53 ಮೀಟರ್. ತಲೆಯ ಮೇಲೆ 10 ಸೆಂ.ಮೀ. ಬಿಟ್ಟರೆ ಆ ಕಾರನ್ನು ಎತ್ತಬಹುದಾದದ್ದು ಒಂದು ಮೀಟರಿಗಿಂತ ಸ್ವಲ್ಪ ಕಡಿಮೆ. ಇನ್ನೋವಾ ಕ್ರಿಸ್ಟಾ 1.8 ಮೀಟರ್ ಇರುವುದರಿಂದ ಅದಕ್ಕೆ 70 ಸೆಂ.ಮೀ. ಮಾತ್ರ. ಕಾರಿನಡಿ ನೆಟ್ಟಗೆ ನಿಂತು ಕೆಲಸ ಮಾಡಬೇಕೆಂದರೆ 1.75 ಮೀಟರಾದರೂ ಏರಬೇಕು. ಅದಕ್ಕೆ ಸ್ವಿಫ್ಟಿಗೆ 3.4, ಇನ್ನೋವಾಕ್ಕೆ 3.65 ಮೀಟರ್ ಎತ್ತರ ಬೇಕು. ಇದೂ ಬಾನೆಟ್, ಡಿಕ್ಕಿ ಎರಡೂ ಮುಚ್ಚಿರುವಾಗಿನ ಲೆಕ್ಕ. ಮೇಲೇರಿಸಿದ ಕಾರಿನ ಡಿಕ್ಕಿಯನ್ನು ಮರೆತು ತೆರೆದು ಬೀಮಿಗೆ ಬಡಿಸುವುದು ಮನೆ ಗ್ಯಾರೇಜಿನ ಮಾಮೂಲಿ ನಷ್ಟ.

ಇಷ್ಟಾದ ಮೇಲೂ ಜಾಗ ಉಳಿದಿದ್ದರೆ ಟೂ ಪೋಸ್ಟಿಗೆ ಸಮ ಬೇರೆ ಇಲ್ಲ. ನಾಲ್ಕೂ ಚಕ್ರ ತೂಗಾಡುತ್ತವೆ, ನಡುವೆ ಏನೂ ಅಡ್ಡ ಇಲ್ಲ. ಬ್ರೇಕು, ಸಸ್ಪೆನ್ಷನ್, ಕ್ಲಚ್, ಸೈಲೆನ್ಸರ್ ಎಲ್ಲಕ್ಕೂ ಕೈ ಎಟುಕುತ್ತದೆ. ಇದರಲ್ಲಿ ಎರಡು ಬಗೆ. ಎರಡೂ ಕಡೆಯನ್ನು ಸಮನಾಗಿ ಏರಿಸುವ ಉಕ್ಕಿನ ಕೇಬಲ್ ಮತ್ತು ಎಣ್ಣೆಯ ಹೋಸ್ ಮೇಲಿನ ಅಡ್ಡಪಟ್ಟಿಯಲ್ಲಿ ಹೋಗುವ ಬಗೆಗೆ ಕಂಬವೇ ಸುಮಾರು 3.6 ಮೀಟರ್. ನೆಲದ ತಗಡಿನಡಿ ಹೋಗುವ ಬಗೆ 2.8–2.9 ಮೀಟರಿಗೆ ಮುಗಿಯುತ್ತದೆ. ಆದರೆ ನಡುವಿನ ಆ ತಗಡಿನ ಉಬ್ಬು ಗೇರ್‌ಬಾಕ್ಸ್ ಜಾಕನ್ನು ಉರುಳಿಸುವಾಗ ಪ್ರತಿ ಸಲವೂ ಕಾಡುತ್ತದೆ. ಕಂಬ ಸ್ವಲ್ಪ ಓರೆಯಾಗಿ ತಿರುಗಿ, ಮುಂದಿನ ತೋಳು ಗಿಡ್ಡ, ಹಿಂದಿನದು ಉದ್ದ ಇರುವ ಮಾದರಿಯಲ್ಲಿ ಕಾರು ಸ್ವಲ್ಪ ಹಿಂದಕ್ಕೆ ಕೂರುವುದರಿಂದ ಬಾಗಿಲು ತೆರೆಯಲು ಜಾಗ ಸಿಗುತ್ತದೆ. ಮನೆಗೆ ಅದೇ ವಾಸಿ.

4 ಟನ್ ಎಂದು ಬರೆದಿದ್ದರೆ ತೋಳೊಂದಕ್ಕೆ ಒಂದು ಟನ್ ಎಂದರ್ಥ. ಎರಡು ಟನ್ ಆಸುಪಾಸಿನ ಸ್ಕಾರ್ಪಿಯೊ-ಎನ್, ಫಾರ್ಚೂನರ್‌ಗೂ ಇದು ಧಾರಾಳ. ಟೂ ಪೋಸ್ಟಿನಲ್ಲಿ ಅಪಾಯ ತರುವುದು ತೂಕಕ್ಕಿಂತ ಅದರ ಸಮತೋಲ. ಕಾರು ಮೇಲಿರುವಾಗಲೇ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಿದರೆ ಭಾರದ ನಡು ಹಿಂದಕ್ಕೆ ಸರಿದು ಕಾರು ಹಿಂಬದಿಗೆ ವಾಲುತ್ತದೆ. ಅದಕ್ಕೇ ಬೋಲ್ಟ್ ಸಡಿಲಿಸುವ ಮೊದಲೇ ಹಿಂಭಾಗಕ್ಕೆ ಎತ್ತರದ ಸ್ಟ್ಯಾಂಡ್ ಕೊಡಬೇಕು. ತೋಳಿನ ತುದಿಯ ಪ್ಯಾಡ್ ಇಡುವ ಜಾಗವನ್ನು ಕಾರಿನ ಕೈಪಿಡಿ ನೋಡಿಯೇ ಹಿಡಿಯಿರಿ. ಥಾರ್, ಬೊಲೆರೊ, ಫಾರ್ಚೂನರ್‌ನಂಥ ಚಾಸಿ ಗಾಡಿಗಳಿಗೆ ಚಾಸಿಯ ಉಕ್ಕಿನ ಮೇಲೆ, ಉಳಿದ ಕಾರುಗಳಿಗೆ ಬಾಗಿಲಿನಡಿಯ ಗುರುತು ಮಾಡಿದ ಜಾಗದಲ್ಲಿ. ಒಂದು ಇಂಚು ತಪ್ಪಿದರೂ ಬಾಗಿಲಿನಡಿಯ ತಗಡು ಮಡಚಿಕೊಳ್ಳುತ್ತದೆ, ಅಲ್ಲಿಂದಲೇ ತುಕ್ಕು ಶುರು. ಎಲೆಕ್ಟ್ರಿಕ್ ಕಾರಿನಲ್ಲಿ ಪ್ಯಾಡ್ ಒಳಕ್ಕೆ ಸರಿದರೆ ನೇರವಾಗಿ ಬ್ಯಾಟರಿ ಪೆಟ್ಟಿಗೆಗೇ ಒತ್ತುತ್ತದೆ.

ಈಗ ನೆಲ. ಟೂ ಪೋಸ್ಟಿನ ಇಡೀ ಭಾರ ಎರಡು ತಳಫಲಕಗಳ ಮೇಲೆ ಬೀಳುತ್ತದೆ, ತೋಳುಗಳು ಕಂಬವನ್ನು ಒಳಕ್ಕೆ ಎಳೆಯುತ್ತವೆ, ಕಾಂಕ್ರೀಟು ಕೊರೆದು ಕೂರಿಸಿದ ಆಂಕರ್ ಬೋಲ್ಟುಗಳು ಅದನ್ನು ತಡೆಹಿಡಿಯುತ್ತವೆ. ತಯಾರಕರು ಕನಿಷ್ಠವೆಂದು ಕೇಳುವುದು ಸಾಮಾನ್ಯವಾಗಿ 100 ಮಿ.ಮೀ. ದಪ್ಪದ, 3,000 ಪಿಎಸ್ಐ ಬಲದ ಕಾಂಕ್ರೀಟು. ನಮ್ಮ ಕಾಂಕ್ರೀಟು ದರ್ಜೆಯ ಲೆಕ್ಕದಲ್ಲಿ ಅದು ಎಂ25ಕ್ಕೆ ಹತ್ತಿರ. ಆದರೆ ನಮ್ಮ ಮನೆಗಳ ಪಾರ್ಕಿಂಗಿನಲ್ಲಿ ಇರುವುದೇನು? ಕಲ್ಲಿನ ಸೋಲಿಂಗ್, ಅದರ ಮೇಲೆ 1:4:8ರ (ಸಿಮೆಂಟು, ಮರಳು, ಜಲ್ಲಿ) ತೆಳು ಬೆಡ್ ಕಾಂಕ್ರೀಟು, ಅದರ ಮೇಲೆ ಗಾರೆ ಮತ್ತು ಪಾರ್ಕಿಂಗ್ ಟೈಲು. ಇದಕ್ಕೆ ಬೋಲ್ಟ್ ಹೊಡೆಯುವುದೂ ಒಂದೇ, ಇಡ್ಲಿಗೆ ಮೊಳೆ ಹೊಡೆಯುವುದೂ ಒಂದೇ. ಇಂಟರ್‌ಲಾಕ್ ಇಟ್ಟಿಗೆಯ ನೆಲವಾದರೆ ಮಾತೇ ಬೇಡ. ಟೈಲು ಕಿತ್ತು, ಅಗೆದು, 150–200 ಮಿ.ಮೀ. ದಪ್ಪಕ್ಕೆ ಕಂಬಿ ಕಟ್ಟಿ ಎಂ25 ಹಾಕಿಸಿ. ಎರಡು ಕಂಬಕ್ಕೆ ಎರಡು ಗುಂಡಿ ತೋಡಿ ತುಂಬುವುದಕ್ಕಿಂತ ಎರಡನ್ನೂ ಸೇರಿಸಿದ ಒಂದೇ ಹಾಸು ಒಳ್ಳೆಯದು. 28 ದಿನ ನೀರುಣಿಸಿ ಬಲಿಯಲು ಬಿಟ್ಟ ಮೇಲೆಯೇ ಡ್ರಿಲ್ ಮುಟ್ಟಿಸಿ.

ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನ ಮೇಲೆ ಇಷ್ಟೂ ಸಾಲದು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಮಣ್ಣು ಹಾಸನ್ನೇ ವಾಲಿಸುತ್ತದೆ. ಹಾಸು ವಾಲಿದರೆ ಕಂಬ ಲಂಬ ತಪ್ಪುತ್ತದೆ, ತೋಳು ಹೊತ್ತು ಕಂಬದಲ್ಲಿ ಜಾರುವ ಚೌಕಟ್ಟು ಒಂದು ಕಡೆ ಉಜ್ಜಿಕೊಂಡು ಏರುತ್ತದೆ. ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಿಸದೆ ಅಲ್ಲಿ ಟೂ ಪೋಸ್ಟ್ ನಿಲ್ಲಿಸಬೇಡಿ. ಕೆಳಗೆ ಬೇಸ್‌ಮೆಂಟ್ ಇರುವ ಸ್ಲ್ಯಾಬಿನ ಮೇಲಂತೂ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕದೆ ಬೇಡವೇ ಬೇಡ. ಟೆಕ್ಸಾಸ್, ಅರಿಜೋನಾ ಕಡೆ ಮನೆ ಮಾಡಿರುವ ಕನ್ನಡಿಗರಿಗೆ ಇನ್ನೊಂದು ಎಚ್ಚರ ಬೇಕು. ಅಲ್ಲಿನ ಅನೇಕ ಮನೆಗಳ ನೆಲ ಪೋಸ್ಟ್ ಟೆನ್ಷನ್ ಬಗೆಯದು, ಒಳಗೆ ಬಿಗಿಯಾಗಿ ಎಳೆದ ಉಕ್ಕಿನ ಕೇಬಲ್ ಇರುತ್ತದೆ. ಡ್ರಿಲ್ ಅದಕ್ಕೆ ತಗುಲಿ ಕೇಬಲ್ ತುಂಡಾದರೆ ನೆಲಕ್ಕೂ ಕೆಟ್ಟದ್ದು, ಎದುರಿಗಿದ್ದವರಿಗೂ ಕೆಟ್ಟದ್ದು.

ಆಂಕರ್ ಕೆಲಸ ಹೆಚ್ಚಾಗಿ ಕೆಡುವುದು ಧೂಳಿನಿಂದ. ತೂತು ಕೊರೆದ ಮೇಲೆ ಬ್ರಷ್ಷು ಹಾಕಿ, ಗಾಳಿ ಊದಿ ಪೂರ್ತಿ ಚೊಕ್ಕ ಮಾಡದಿದ್ದರೆ ಬೋಲ್ಟಿನ ತುದಿ ಅರಳಿದರೂ ಹಿಡಿತ ಸಿಗುವುದಿಲ್ಲ. ಹಾಸಿನ ಅಂಚು ಮತ್ತು ಜಾಯಿಂಟಿನಿಂದ ಕೈಪಿಡಿ ಹೇಳುವಷ್ಟು ದೂರ ಕಡ್ಡಾಯ. ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಹೇಳಿದ ಟಾರ್ಕ್ ಬರದೆ ನಟ್ಟು ಸುಮ್ಮನೆ ತಿರುಗುತ್ತಲೇ ಇದ್ದರೆ ಕಾಂಕ್ರೀಟು ಸೋತಿದೆ ಎಂದರ್ಥ. ಆಗ ಪಕ್ಕದಲ್ಲಿ ಇನ್ನೊಂದು ತೂತು ಕೊರೆದು ಜಾರಿಕೊಳ್ಳುವ ಮೇಸ್ತ್ರಿಯನ್ನು ಅಲ್ಲಿಗೇ ನಿಲ್ಲಿಸಿ.

ಫೋರ್ ಪೋಸ್ಟ್ ಬೇರೆ ಜಾತಿಯದು. ಕಾರು ತನ್ನ ಚಕ್ರಗಳ ಮೇಲೆಯೇ ಎರಡು ಹಲಗೆಗಳ ಮೇಲೆ ನಿಲ್ಲುತ್ತದೆ. ಭಾರ ನಾಲ್ಕು ಕಂಬಕ್ಕೆ ಹಂಚಿಹೋಗುವುದರಿಂದ ಹಲವು ಮಾದರಿಗಳನ್ನು ನೆಲಕ್ಕೆ ಬೋಲ್ಟ್ ಮಾಡಲೇಬೇಕೆಂದಿಲ್ಲ. ಒಂದರ ಮೇಲೊಂದು ಎರಡು ಕಾರು ನಿಲ್ಲಿಸಬೇಕೆಂಬವರಿಗೆ ಇದೇ ಸರಿ. ಕೆಳಗೆ ಸ್ವಿಫ್ಟ್, ಮೇಲೆ ಡಿಜೈರ್ ಎಂದರೆ 1.53, ಹಲಗೆಗೂ ಸಂದಿಗೂ 20 ಸೆಂ.ಮೀ., ಮೇಲೆ 1.52. ಒಟ್ಟು 3.25 ಮೀಟರ್, ತಲೆಯ ಮೇಲಿನ ಸಂದು ಬೇರೆ. ಮೇಲಿನ ಕಾರಿನ ಎಣ್ಣೆ ಕೆಳಗಿನ ಕಾರಿನ ಬಣ್ಣದ ಮೇಲೆ ತೊಟ್ಟಿಕ್ಕದಂತೆ ಹಲಗೆಗಳ ನಡುವೆ ತಟ್ಟೆ ಇರಲೇಬೇಕು. ಮೇಲಿನ ಕಾರು ಬೇಕಾದರೆ ಮೊದಲು ಕೆಳಗಿನದನ್ನು ರಸ್ತೆಗೆ ತೆಗೆಯಬೇಕು. ದಿನಾ ಓಡಿಸುವ ಎರಡು ಕಾರುಗಳಿಗೆ ಇದು ತಲೆನೋವು, ವಾರಕ್ಕೊಮ್ಮೆ ತೆಗೆಯುವ ಹಳೆಯ ಕಾರಿಗಾದರೆ ಸೊಗಸು. ರಿಪೇರಿಗೆ ಒಂದೇ ಕೊರತೆ, ಚಕ್ರ ತೂಗುವುದಿಲ್ಲ. ಬ್ರೇಕಿನ ಕೆಲಸಕ್ಕೆ ಹಲಗೆಗಳ ನಡುವೆ ಉರುಳುವ ಬ್ರಿಡ್ಜ್ ಜಾಕನ್ನು ಪ್ರತ್ಯೇಕ ಕೊಳ್ಳಬೇಕು. ಚಕ್ರದ ಕಿಟ್ ಹಾಕಿದರೆ ಇಡೀ ಲಿಫ್ಟನ್ನು ತಳ್ಳಿ ಸರಿಸಬಹುದು, ಆದರೆ ಖಾಲಿ ಇರುವಾಗ ಮಾತ್ರ.

ಕತ್ತರಿಯಂತೆ ಮಡಚುವ, ಮಧ್ಯಮ ಎತ್ತರದ ಸಿಜರ್ ಲಿಫ್ಟ್ 2.6 ಮೀಟರಿನ ಸ್ಟಿಲ್ಟಿಗೆ ಹೇಳಿ ಮಾಡಿಸಿದಂತಿದೆ. ಮಡಚಿದಾಗ ಸುಮಾರು 11 ಸೆಂ.ಮೀ., ಪೂರ್ತಿ ಎತ್ತಿದಾಗ ಒಂದು ಮೀಟರ್ ಚಿಲ್ಲರೆ; ಬೀಮು ತಗ್ಗಿದ್ದರೆ ಅದಕ್ಕೂ ಮೊದಲೇ ನಿಲ್ಲಿಸಬೇಕು. ಟೈರು, ಬ್ರೇಕು, ಡೆಂಟಿಂಗ್, ತೊಳೆಯುವುದು ಎಲ್ಲ ಸ್ಟೂಲಿನ ಮೇಲೆ ಕೂತು ಮಾಡಬಹುದು. ಆದರೆ ಕತ್ತರಿ ಕಾರಿನ ನಟ್ಟನಡುವೆಯೇ ನಿಂತಿರುತ್ತದೆ. ಸೈಲೆನ್ಸರ್ ಪೈಪು, ಗೇರ್‌ಬಾಕ್ಸಿಗೆ ಕೈ ಹೋಗುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಕಾರಿನ ಎಣ್ಣೆ ಡ್ರೈನ್ ಬೋಲ್ಟ್ ಎಲ್ಲಿ ಬರುತ್ತದೆ ಎಂದು ನೋಡಿಕೊಳ್ಳಿ.

ಬಾಡಿಗೆ ಮನೆ, ಅಪಾರ್ಟ್‌ಮೆಂಟಿನವರಿಗೆ ಉಳಿಯುವುದು ಕ್ವಿಕ್‌ಜ್ಯಾಕ್ ಮಾದರಿಯ ಜೋಡಿ ಚೌಕಟ್ಟುಗಳು. ಎತ್ತರ ಮೂರು ಇಂಚು. ಕಾರಿನಡಿ ತಳ್ಳಿ, ಹೋಸ್ ಸಿಕ್ಕಿಸಿ ಎತ್ತಿದರೆ ಅರ್ಧ ಮೀಟರಿನಷ್ಟು ಏರುತ್ತದೆ. ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿಸಿಡಬಹುದು. ಜಾಕ್ ಮತ್ತು ನಾಲ್ಕು ಸ್ಟ್ಯಾಂಡುಗಳ ಗೋಳಿಗೆ ಹೋಲಿಸಿದರೆ ಸ್ವರ್ಗವೇ ಸರಿ, ಕೆಲಸ ಮಾತ್ರ ಮಲಗಿಕೊಂಡೇ. ಇಲ್ಲಿ ಎರಡು ಅಳತೆ ತಪ್ಪುತ್ತವೆ. ಸ್ವಿಫ್ಟಿನ ವೀಲ್‌ಬೇಸ್, ಅಂದರೆ ಮುಂದಿನ-ಹಿಂದಿನ ಚಕ್ರಗಳ ನಡುಬಿಂದುಗಳ ಅಂತರ, 2,450 ಮಿ.ಮೀ. ಟೈರು ಕಳೆದರೆ ಮುಂದಿನ-ಹಿಂದಿನ ಚಕ್ರಗಳ ನಡುವೆ ಉಳಿಯುವುದು 1,830 ಆಸುಪಾಸು, ಚೌಕಟ್ಟು ಅದರೊಳಗೆ ಕೂರಬೇಕು. ಎರಡನೆಯದು ಥಾರ್‌ನಂಥ ಎತ್ತರದ ಗಾಡಿಗಳದು. ಪ್ಯಾಡು ಚಾಸಿಯನ್ನು ಮುಟ್ಟುವಷ್ಟರಲ್ಲೇ ಏರಿಕೆಯ ಬಹುಪಾಲು ಮುಗಿದಿರುತ್ತದೆ, ಆಮೇಲೆ ಸಸ್ಪೆನ್ಷನ್ ಜೋತುಬೀಳುತ್ತದೆ. ಟೈರು ನೆಲ ಬಿಡುವುದೇ ಇಲ್ಲ. ಎತ್ತರದ ಅಡಾಪ್ಟರ್ ಇಲ್ಲದೆ ಇಂಥ ಗಾಡಿಗೆ ಕೊಳ್ಳಬೇಡಿ.

ಕರೆಂಟಿನ ವಿಷಯದಲ್ಲಿ ಅಂಗಡಿಯವರು ಹೇಳುವುದು ಕಡಿಮೆ. 2.2 ಕಿಲೋವಾಟ್ ಸಿಂಗಲ್ ಫೇಸ್ ಮೋಟಾರ್ ಓಡುವಾಗ 15 ಆಂಪಿಯರಿನಷ್ಟು ಎಳೆಯುತ್ತದೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಗೀಸರಿನ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಎಳೆದರೆ ವೋಲ್ಟೇಜ್ ಕುಸಿದು ಮೋಟಾರ್ ಗುಂಯ್‌ಗುಡುತ್ತದೆ, ಕಾರು ಏಳುವುದಿಲ್ಲ, ವೈಂಡಿಂಗ್ ಸುಡುತ್ತದೆ. ಮೀಟರ್ ಬೋರ್ಡಿನಿಂದಲೇ 4 ಚದರ ಮಿ.ಮೀ. ತಂತಿಯ ಪ್ರತ್ಯೇಕ ಲೈನು, ಮೋಟಾರಿಗೆ ತಕ್ಕ ಎಂಸಿಬಿ, ಸರಿಯಾದ ಅರ್ಥಿಂಗ್ ಹಾಕಿಸಿ. ಮನೆಗೆ ಮಂಜೂರಾದ ಲೋಡು ಸಾಲುತ್ತದೆಯೇ ಎಂದು ಬಿಲ್ಲಿನಲ್ಲೇ ನೋಡಬಹುದು. ಅಮೆರಿಕದಿಂದ ತರಿಸಿದ 60 ಹರ್ಟ್ಜ್ ಮೋಟಾರು ನಮ್ಮ 50 ಹರ್ಟ್ಜ್‌ನಲ್ಲಿ ನಿಧಾನವಾಗಿ ಓಡಿ ಬಿಸಿಯಾಗುತ್ತದೆ, ಇಲ್ಲಿನ ಪವರ್ ಪ್ಯಾಕ್ (ಮೋಟಾರು ಮತ್ತು ಎಣ್ಣೆ ಪಂಪಿನ ಜೋಡಿ) ಇರುವುದನ್ನೇ ಕೇಳಿ.

ಇನ್ನು ಕರೆಂಟ್ ಹೋದಾಗ? ಲಿಫ್ಟ್ ಸರಿಯಾಗಿ, ಕಾರು ಕೆಳಗೆ ಬೀಳದಂತೆ ಭಾರ ಹೊರುವ ಲಾಕಿನ ಮೇಲೆ ಕೂತಿದ್ದರೆ, ಲಾಕ್ ಬಿಡಿಸಲು ಮೊದಲು ಒಂದೆರಡು ಇಂಚು ಮೇಲಕ್ಕೆ ಎತ್ತಲೇಬೇಕು. ಮೋಟಾರ್ ಇಲ್ಲದೆ ಅದು ಆಗದು, ಕಾರು ಮೇಲೆಯೇ ಉಳಿಯುತ್ತದೆ. ಕೈಪಂಪ್ ಇರುವ ಪವರ್ ಪ್ಯಾಕ್ ಸಿಗುತ್ತದೆಯೇ ಎಂದು ಕೇಳಿ. ಮನೆಯ ಮಾಮೂಲಿ ಇನ್ವರ್ಟರ್ ಈ ಮೋಟಾರನ್ನು ಸ್ಟಾರ್ಟ್ ಮಾಡುವುದಿಲ್ಲ. ಇದಕ್ಕೆ ಹೆದರಿ ಲಾಕಿಗೆ ಇಳಿಸದೆ ಎಣ್ಣೆಯ ಒತ್ತಡದ ಮೇಲೆಯೇ ಕಾರು ನಿಲ್ಲಿಸಿ ಅದರ ಕೆಳಗೆ ಹೋಗುವವರಿದ್ದಾರೆ. ಹೋಸ್ ಒಡೆಯಲು ಮುಹೂರ್ತ ಬೇಕಿಲ್ಲ.

ಕೊಟೇಶನ್‌ನಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಮೂರು: ಲಾರಿಯಿಂದ ಇಳಿಸುವ ಖರ್ಚು, ಎಣ್ಣೆ, ಆಂಕರ್. ಟೂ ಪೋಸ್ಟ್ 600–700 ಕೆಜಿ ತೂಗುವುದರಿಂದ ಹೈಡ್ರಾ ಕ್ರೇನ್ ಬೇಕಾಗುತ್ತದೆ, ನಿಮ್ಮ ಗಲ್ಲಿಗೆ ಅದು ತಿರುಗುವುದೇ ನೋಡಿ. ಎಣ್ಣೆ ಹತ್ತು ಲೀಟರಿನ ಲೆಕ್ಕದಲ್ಲಿ ಹಿಡಿಯುತ್ತದೆ. ಕೈಪಿಡಿ 32 ಅಥವಾ 46 ದರ್ಜೆ ಎಂದಿದ್ದರೆ ಅದನ್ನೇ ಹಾಕಿ. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆಂದು ಅದಕ್ಕಿಂತ ಮಂದವಾದ 68 ಸುರಿದರೆ ಚಳಿಗಾಲದ ಬೆಳಗ್ಗೆ ಇಳಿಯುವುದು ಆಮೆವೇಗದಲ್ಲಿ. ಯುರೋಪಿನ ಸಿಇ ಎಂಬ ಸ್ಟಿಕ್ಕರ್ ನೋಡಿ ಒಪ್ಪಬೇಡಿ. ವಾಹನ ಲಿಫ್ಟುಗಳ ಯುರೋಪಿನ ಮಾನದಂಡ ಇಎನ್ 1493 ಎಂದು ನಮೂದಾಗಿರುವ, ನಿಮ್ಮದೇ ಮಾಡೆಲ್ ಸಂಖ್ಯೆ ಇರುವ ಪ್ರಮಾಣಪತ್ರ ಕೇಳಿ. ಅಮೆರಿಕದ ಮಾಲಿಗಾದರೆ ಅಲ್ಲಿನ ಲಿಫ್ಟ್ ಸಂಸ್ಥೆ ಎಎಲ್ಐಯ ಗುರುತು. ಕೊಯಮತ್ತೂರಿನ ಎಟಿಎಸ್ ಎಲ್ಜಿಯಂಥ ದೇಶೀ ತಯಾರಕರ ಲಿಫ್ಟಿಗೆ ಒಂದು ಅನುಕೂಲವಿದೆ, ಸೀಲ್ ಕಿಟ್ಟು, ಕೇಬಲ್ಲು ಹಡಗಿಗೆ ಕಾಯದೆ ಬರುತ್ತವೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಮೊದಲು ಹೋಗುವುದು ಕೇಬಲ್ಲೇ. ಅದರ ಒಂದು ಎಳೆ ಕಿತ್ತು ನಿಂತಿರುವುದು ಕಂಡರೂ ಬದಲಿಸಿ, ಗ್ರೀಸ್ ಹಚ್ಚಿ ಮುಚ್ಚಬೇಡಿ.

ಅಳವಡಿಸಿದ ದಿನ ಪೂರ್ತಿ ಹಣ ಕೊಡುವ ಮೊದಲು ಕಾರನ್ನು 30 ಸೆಂ.ಮೀ. ಎತ್ತಿ ನಿಲ್ಲಿಸಿ, ಬಂಪರ್ ಹಿಡಿದು ಅಲ್ಲಾಡಿಸಿ ನೋಡಿ. ಎರಡೂ ಕಡೆಯ ಲಾಕು ಟಕ್ ಟಕ್ ಎಂದು ಒಟ್ಟಿಗೇ ಬೀಳಬೇಕು. ಒಂದು ಮುಂಚೆ, ಒಂದು ತಡವಾಗಿ ಕೇಳಿಸಿದರೆ ಸಮತೋಲದ ಕೇಬಲ್ ಸಡಿಲವಿದೆ. ತೋಳು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಹಲ್ಲು ಕಚ್ಚಿಕೊಂಡಿದೆಯೇ ಎಂದು ಕಾಲಿನಲ್ಲಿ ಒದ್ದು ನೋಡಿ. ಆಮೇಲೆ ಕಾರು ಇಳಿಸಿ, ಖಾಲಿ ತೋಳುಗಳನ್ನು ಲಾಕಿಗೆ ಬಿಡದೆ ಅರ್ಧ ಎತ್ತರಕ್ಕೆ ಏರಿಸಿ, ಕಂಬದ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ರಾತ್ರಿ ಬಿಡಿ. ಬೆಳಗ್ಗೆ ಗೆರೆಯಿಂದ ಕೆಳಗೆ ಸರಿದಿದ್ದರೆ ಸೀಲು ಅಥವಾ ವಾಲ್ವು ಸೋರುತ್ತಿದೆ. ವಾರ ಎರಡು ವಾರ ಬಳಸಿದ ಮೇಲೆ ಎಲ್ಲ ಆಂಕರ್‌ಗಳಿಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿಸುವುದನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತಿಗೆ ಆ ಹುಡುಗರು ಮತ್ತೆ ಬರುವುದಿಲ್ಲ.