ಪರಜೀವಿಯ ಲಿಪಿಡ್ ಅಧ್ಯಯನಕ್ಕೆ ಯಾವುದು: ಟ್ರಿಪನೊಸೋಮಾ, ಟಾಕ್ಸೊಪ್ಲಾಸ್ಮಾ, ಪ್ಲಾಸ್ಮೋಡಿಯಂ?

ಲಿಪಿಡ್ (ಕೊಬ್ಬಿನಂಥ ವಸ್ತು) ಅಧ್ಯಯನಕ್ಕೆ ಈ ಮೂರು ಏಕಕೋಶ ಪರಜೀವಿಗಳಲ್ಲಿ ಯಾವುದನ್ನ ಹಿಡಿಯಲಿ ಅಂತ ಕೇಳಿದ್ದೀರಿ. ಮೊದಲು ಬೆಳೆಸುವ ಕಷ್ಟ ನೋಡಿ. ನಿದ್ರಾರೋಗ ತರುವ ಟ್ರಿಪನೊಸೋಮಾ ಬ್ರೂಸಿಯ ಕೀಟದ ಹಂತ (ತ್ಸೆತ್ಸೆ ನೊಣದೊಳಗಿನ ರೂಪ) ಬರೀ ದ್ರವ ಮಾಧ್ಯಮದಲ್ಲೇ ಬೆಳೆಯುತ್ತದೆ, ಖರ್ಚೂ ಕಡಿಮೆ. ಟಾಕ್ಸೊಪ್ಲಾಸ್ಮಾಗೆ ಜೀವಂತ ಆತಿಥೇಯ ಕೋಶ ಬೇಕೇ ಬೇಕು. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಫಾಲ್ಸಿಪಾರಮ್ ಅನ್ನು 1976ರಿಂದ ಲ್ಯಾಬಲ್ಲಿ ಬೆಳೆಸುತ್ತಿದ್ದಾರೆ ನಿಜ, ಆದರೆ ಪದೇ ಪದೇ ಹೊಸ ಕೆಂಪು ರಕ್ತಕಣ ಹೊಂದಿಸಬೇಕು.

ದೊಡ್ಡ ತಲೆನೋವು ಬೇರೆ ಇದೆ: ಸಿಕ್ಕ ಲಿಪಿಡ್ ಯಾರದ್ದು, ಪರಜೀವಿಯದ್ದಾ ಆತಿಥೇಯ ಕೋಶದ್ದಾ? ಸೋಂಕಿತ ರಕ್ತಕಣವನ್ನ ಸೋಪಿನಂತೆ ಪೊರೆ ಒಡೆಯುವ ಸಪೋನಿನ್‌ನಿಂದ ಒಡೆದು, ಪ್ಲಾಸ್ಮೋಡಿಯಂ ಹೊರತೆಗೆದು, ಎಷ್ಟು ತೊಳೆದರೂ ರಕ್ತಕಣದ ಪೊರೆಯ ಚೂರು ಒಂದಿಷ್ಟು ಅಂಟಿಕೊಂಡೇ ಬರುತ್ತದೆ, ಆಮೇಲೆ ಅಲ್ಲಿ ಕಂಡ ಕೊಲೆಸ್ಟೆರಾಲ್ ಯಾವುದರದ್ದು ಅಂತ ಹೇಳೋದು ಕಷ್ಟ, ಅಲ್ವಾ? ಟ್ರಿಪನೊಸೋಮಾದಲ್ಲಿ ಈ ಗೋಜು ಕಡಿಮೆ. ಕೀಟದ ಹಂತ ಎರ್ಗೊಸ್ಟೆರಾಲ್ ಅನ್ನು (ಕೊಲೆಸ್ಟೆರಾಲ್ ತರಹದ್ದೇ, ಆದರೆ ಮನುಷ್ಯನ ಕೋಶ ತಯಾರಿಸದ ಲಿಪಿಡ್) ತಾನೇ ತಯಾರಿಸುತ್ತದೆ.

ಆದರೆ ಟ್ರಿಪನೊಸೋಮಾದಲ್ಲಿ ಅಪಿಕೊಪ್ಲಾಸ್ಟ್ (ಉಳಿದೆರಡರ ಕೋಶದೊಳಗಿರುವ ಪುಟ್ಟ ಅಂಗಕ) ಇಲ್ಲ. ಆ ಅಂಗಕದೊಳಗಿನ ಕೊಬ್ಬಿನಾಮ್ಲ ತಯಾರಿಕೆಯೇ ನಿಮ್ಮ ವಿಷಯವಾದರೆ ಟಾಕ್ಸೊಪ್ಲಾಸ್ಮಾ ಹಿಡಿಯಿರಿ, ಜೀನ್ ತಿದ್ದೋದೂ ಸುಲಭ. ರಕ್ತದ ಹಂತದ ಪ್ಲಾಸ್ಮೋಡಿಯಂಗೆ ಆ ದಾರಿ ಸಾಮಾನ್ಯವಾಗಿ ಬೇಕಾಗೋದೇ ಇಲ್ಲ, ಸೀರಮ್‌ನಿಂದಲೇ ಕೊಬ್ಬಿನಾಮ್ಲ ಎತ್ತಿಕೊಳ್ಳುತ್ತದೆ. ಮಲೇರಿಯಾ ಔಷಧಿಯೇ ಗುರಿಯಾದರೆ ಮಾತ್ರ ಪ್ಲಾಸ್ಮೋಡಿಯಂನ ಕಷ್ಟಕ್ಕೆ ಕೈ ಹಾಕಿ. ಸುಮ್ನೆ ಪೊರೆಯ ಕೆಲಸ ಕಲಿಯೋಕಾದರೆ ಟ್ರಿಪನೊಸೋಮಾ ಸಾಕು.